ವಂದನೆಗಳ ಪುಟ

ಮೇಷ್ಟ್ರ ಬಲಗೈಯ ತೋರುಬೆರಳಿಗೂ ನಡುಬೆರಳಿಗೂ ಮೊದಲ ಗೆಣ್ಣಿನಿಂದಾಚೆ ಏನೂ ಇರಲಿಲ್ಲ. ತುದಿಯಲ್ಲಿ ಚರ್ಮ ಒಳಕ್ಕೆ ಮಡಚಿಕೊಂಡು, ಗೋಣಿಚೀಲದ ಬಾಯಿ ಹೊಲಿದ ಹಾಗೆ ಗಂಟುಗಂಟಾಗಿತ್ತು. ಪೆನ್ನನ್ನು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಕೈ ಕುಲುಕಲು ಬಂದ ಅಮೆರಿಕನ್ನರ ಮುಖ ಒಂದು ಕ್ಷಣ ಗಾಬರಿಗೊಳ್ಳುತ್ತಿತ್ತು. ಅದನ್ನು ನೋಡಲೆಂದೇ ಅವರು ಹಿಡಿದ ಕೈಯನ್ನು ಬೇಗ ಬಿಡುತ್ತಿರಲಿಲ್ಲ ಎಂದು ನನ್ನ ಅನುಮಾನ.

ಅಮೆರಿಕಕ್ಕೆ ಬರುವ ಮೊದಲು ಆರು ವರ್ಷ ಅವರು ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿದ್ದರು. ಆಗತಾನೇ ಸ್ವತಂತ್ರವಾಗಿದ್ದ ದೇಶ. ಅಲ್ಲಿನ ಕೇಂದ್ರ ಬ್ಯಾಂಕಿನಲ್ಲಿ ಮಿಕ್ಕ ಬ್ಯಾಂಕುಗಳನ್ನು ತಪಾಸಣೆ ಮಾಡುವ ವಿಭಾಗಕ್ಕೆ ಇವರು ಸಲಹೆಗಾರರು. ಒಮ್ಮೆ ದೂರದ ಒಂದು ಶಾಖೆಗೆ ಹೋಗಿ ತಿಜೋರಿ ಕೋಣೆ ತೋರಿಸಿ ಎಂದರಂತೆ. ಮ್ಯಾನೇಜರು ಬೀಗದ ಕೈ ಕಳೆದಿದೆ ಎಂದ. ಸಿಗುವವರೆಗೂ ಕೂತಿರುತ್ತೇನೆ ಎಂದರು ಇವರು. ಮಧ್ಯಾಹ್ನದ ಹೊತ್ತಿಗೆ ಬೀಗದ ಕೈ ಸಿಕ್ಕಿತು, ಬಾಗಿಲು ಒಂದು ಗೇಣು ತೆರೆಯಿತು. ಇವರು ಬಾಗಿಲಿಗೆ ಕೈ ಹಾಕಿದ ಕೂಡಲೇ ಮ್ಯಾನೇಜರು ಅದನ್ನು ದೂಡಿ ಮುಚ್ಚಿಬಿಟ್ಟ.

"ಒಳಗ ಏನಿತ್ರೀ ಸರ?" ಎಂದು ಕೇಳಿದ್ದೆ.

"ಏನೂ ಇರ್ಲಿಲ್ಲಮ್ಮ. ಅದಕ್ಕೇ ಅಷ್ಟು ಜೋರಾಗಿ ಮುಚ್ಚಿದ್ದು."

ಅವತ್ತು ಅವರ ಜೊತೆಗಿದ್ದವನು ಆ ದೇಶದವನೇ ಆದ ಒಬ್ಬ ಯುವ ಇನ್ಸ್‌ಪೆಕ್ಟರ್. ತನ್ನ ಟೈ ಬಿಚ್ಚಿ ಇವರ ಕೈಗೆ ಬಿಗಿದು, ಕೆಂಪು ಮಣ್ಣಿನ ರಸ್ತೆಯಲ್ಲಿ ಮೂರು ಗಂಟೆ ಜೀಪು ಓಡಿಸಿ ಆಸ್ಪತ್ರೆ ಮುಟ್ಟಿಸಿದ. ಇವರು ಎಚ್ಚರ ತಪ್ಪಬಾರದೆಂದು ದಾರಿಯುದ್ದಕ್ಕೂ ಚರ್ಚಿನ ಹಾಡುಗಳನ್ನು ಕೂಗಿ ಕೂಗಿ ಹಾಡಿದನಂತೆ. "ರಾಗ ಅನ್ನೋದು ಅವನ ಹತ್ರಾನೂ ಸುಳೀತಿರ್ಲಿಲ್ಲ. ನಿದ್ದೆ ಹೆಂಗಮ್ಮ ಬರತ್ತೆ?" ಎಂದು ಮೇಷ್ಟ್ರು ನಗುತ್ತಿದ್ದರು.

ನನಗೆ ಅವರು ಪಾಠ ಹೇಳಿದವರಲ್ಲ. ಪೊಮೊನಾದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು, ಲಾಸ್ ಏಂಜಲೀಸಿನ ಕನ್ನಡದವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಅಂದೆ. ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಬಂದದ್ದು ಲಾಸ್ ಏಂಜಲೀಸಿನ ಪಕ್ಕದ ರೆಡೊಂಡೊ ಬೀಚಿಗೆ, ಎಪ್ಪತ್ತರ ದಶಕ ಇನ್ನೇನು ಶುರುವಾಗಲಿತ್ತು. ನಮ್ಮವರು ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರು. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುವರು. ಅಷ್ಟು ಹೊತ್ತು ನಾನು ಸಮುದ್ರ ನೋಡಬೇಕು. ಸಮುದ್ರವನ್ನು ಎಷ್ಟೂಂತ ನೋಡುವುದು? ಯಾರದೋ ಮನೆಯ ಯುಗಾದಿ ಊಟದಲ್ಲಿ ನಾನು ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾದವಳು ಎಂದು ಯಾರೋ ಹೇಳಿದರು. ಮೇಷ್ಟ್ರು ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದು, "ನಿಮ್ಮನ್ನ ದೇವರೇ ಕಳಿಸಿದಾನೆ" ಎಂದರು. ಎರಡು ಬೆರಳು ಮೊಂಡಾದ ಅವರ ಕೈಗೆ ಟೈಪ್‌ರೈಟರ್ ದಕ್ಕುತ್ತಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಹತ್ತು ಗಂಟೆಗೆ ಬರುತ್ತಿದ್ದರು. ಫ್ರೀವೇಯಲ್ಲಿ ನಿಧಾನದ ಗಾಡಿಗಳ ಬಲಗಡೆಯ ಲೇನು ಬಿಟ್ಟು ಕದಲದೆ, ಲಾರಿಗಳಿಂದೆಲ್ಲ ಹಾರ್ನ್ ಹೊಡೆಸಿಕೊಂಡು, ಒಂದು ಗಂಟೆಯ ದಾರಿಯನ್ನು ಎರಡು ಗಂಟೆ ಡ್ರೈವ್ ಮಾಡಿಕೊಂಡು. ಕೈಯಲ್ಲಿ ಹಿತ್ತಿಲಿನ ಕಿತ್ತಳೆಯ ಚೀಲ, ಕಂಕುಳಲ್ಲಿ ಹಾಳೆಗಳು. ಕೂಡ್ರಿ ಎನ್ನುವವರೆಗೂ ಕೂರುತ್ತಿರಲಿಲ್ಲ, ಕಾಫಿ ಸಾಕು ಎಂದರೂ ಎರಡನೆಯದನ್ನು ಬೇಡ ಎನ್ನುತ್ತಿರಲಿಲ್ಲ.

ಮೊದಲ ತಿಂಗಳು ಮುಗಿದಾಗ ನನ್ನ ಹೆಸರಿಗೆ ಒಂದು ಚೆಕ್ ಬರೆದುಕೊಟ್ಟರು. ನಮ್ಮವರ ಅಕೌಂಟಿಗೆ ಹಾಕುತ್ತೇನೆ ಎಂದೆ. ಅವರ ಮುಖ ಗಂಟಿಕ್ಕಿತು. ಅಲ್ಲಿಂದ ನೇರವಾಗಿ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಅಲ್ಲಿನ ಅಧಿಕಾರಿ, ಅಕೌಂಟ್ ತೆರೆಯಲು ಗಂಡನ ಸಹಿ ಬೇಕು ಎಂದ. ನಿಯಮ ತೋರಿಸಿ ಎಂದರು ಮೇಷ್ಟ್ರು. ಆತ ಡ್ರಾಯರು ತೆಗೆದು ಪುಸ್ತಕ ತಿರುವಿದ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದ, ಕಿವಿ ಕೆಂಪಗೆ ಮಾಡಿಕೊಂಡು ಅರ್ಜಿ ಮುಂದಿಟ್ಟ. ಹೊರಗೆ ಬಂದ ಮೇಲೆ ಮೇಷ್ಟ್ರು ಹೇಳಿದರು: "ನೋಡಿದ್ರಾ, ನಿಯಮ ಸಿಗಲಿಲ್ಲ, ಒಪ್ಪಿಕೊಂಡ. ನಾನು ಕೆಲಸ ಮಾಡಿದ ಕಡೆ ನಿಯಮ ಎಲ್ಲಾ ಅಚ್ಚುಕಟ್ಟಾಗಿ ಸಿಗ್ತಿತ್ತು. ಒಪ್ಪಿಕೊಳ್ಳೋರು ಸಿಗ್ತಿರ್ಲಿಲ್ಲ."

ನನ್ನ ಹೆಸರಿನಲ್ಲಿ ಏನಾದರೂ ಇದ್ದದ್ದು ಅದೇ ಮೊದಲು. ಚೆಕ್ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ. ನಮ್ಮವರು ಒಂದು ವಾರ ತಮಾಷೆ ಮಾಡಿದರು.

ಮೇಷ್ಟ್ರ ಸಿಟ್ಟು ನೋಡಬೇಕಾದರೆ ಅವರೆದುರು ಆಫ್ರಿಕಾದ ಬಗ್ಗೆ ಹಗುರವಾಗಿ ಮಾತಾಡಬೇಕಿತ್ತು. ಒಂದು ಊಟದ ಮನೆಯಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು, "ಬಿಡಿ ಮೇಷ್ಟ್ರೇ, ಆ ಜನಾನೇ ಹಂಗೆ, ಅಲ್ಲಿ ಬ್ಯಾಂಕು ಎಲ್ಲಿ ಉದ್ಧಾರ ಆಗತ್ತೆ" ಎಂದುಬಿಟ್ಟರು. ಮೇಷ್ಟ್ರು ತಟ್ಟೆ ಕೆಳಗಿಟ್ಟರು.

"ಜನ ಹಂಗಲ್ಲ ಡಾಕ್ಟ್ರೇ. ನನ್ನ ಕೈ ಜಜ್ಜಿದವನೂ ಅದೇ ಜನ, ಕೈ ಉಳಿಸಿದವನೂ ಅದೇ ಜನ. ಜಜ್ಜಿದವನಿಗೆ ಪ್ರಮೋಷನ್ ಸಿಕ್ತು, ಉಳಿಸಿದವನಿಗೆ ಮೂಲೆಗೆ ಟ್ರಾನ್ಸ್‌ಫರ್ ಆಯ್ತು. ಇದನ್ನ ನೀವು ನಮ್ಮೂರಲ್ಲಿ ನೋಡಿಲ್ವಾ?"

ಡಾಕ್ಟರು ಮೊಸರನ್ನಕ್ಕೆ ಇಳಿದರು. ಮೇಷ್ಟ್ರು ಬರೆಯುತ್ತಿದ್ದ ಪುಸ್ತಕದ ತಿರುಳೂ ಅದೇ ಆಗಿತ್ತು. ಲಂಡನ್ನಿನಲ್ಲಿರುವ ಕಾನೂನನ್ನೇ ಅಕ್ಷರಶಃ ತಂದಿಟ್ಟರೂ ಆ ದೇಶದಲ್ಲೇಕೆ ಬ್ಯಾಂಕುಗಳು ಮುಳುಗುತ್ತವೆ ಎನ್ನುವುದು ಅವರ ಪ್ರಶ್ನೆ. ಸಾಲ ಕೊಡಲಾಗುವುದಿಲ್ಲ ಎಂದ ಗುಮಾಸ್ತ ಮುಂದಿನ ವಾರ ಎಲ್ಲಿ ಕೂತಿದ್ದಾನೆ ನೋಡಿ, ಆ ದೇಶದ ಬ್ಯಾಂಕು ಎಂಥದ್ದೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಇದನ್ನೇ ಸುತ್ತಿ ಬಳಸಿ ಮುನ್ನೂರು ಪುಟ ಬರೆದಿದ್ದೀರಿ ಎಂದು ನಾನು ರೇಗಿಸುತ್ತಿದ್ದೆ.

ಆ ಮುನ್ನೂರು ಪುಟದ ಜೀವ ಇದ್ದದ್ದು ಇನ್ಸ್‌ಪೆಕ್ಟರನ ಕಾಗದಗಳಲ್ಲಿ. ತಿಂಗಳಿಗೊಂದು ತಪ್ಪದೆ ಬರುತ್ತಿತ್ತು. ಮೇಷ್ಟ್ರಿಗೆ ಕಣ್ಣು ಮಂಜಾಗತೊಡಗಿದ್ದರಿಂದ ನಾನೇ ಓದಿ ಹೇಳುತ್ತಿದ್ದೆ. ಸಂತೆಯಲ್ಲಿ ಬಟ್ಟೆ ಮಾರುವ ಹೆಂಗಸರು ನೆಚ್ಚಿಕೊಂಡು ದುಡ್ಡಿಟ್ಟ ಬ್ಯಾಂಕು. ಆ ದುಡ್ಡೆಲ್ಲ ಮಂತ್ರಿಯೊಬ್ಬರ ಭಾವಮೈದುನನ ಕಾರ್ಖಾನೆಗೆ ಹೋಗಿತ್ತು, ಕಾರ್ಖಾನೆಯಿದ್ದ ಜಾಗದಲ್ಲಿ ಬರೀ ಬೇಲಿಯಿತ್ತು. ಆತ ಹೋಗಿ ಕಣ್ಣಾರೆ ನೋಡಿ, ವರದಿ ಬರೆದು, ಮೇಲಿನವರಿಗೆ ಕೊಟ್ಟು, ಉತ್ತರ ಬಾರದಿದ್ದಾಗ ಇನ್ನೊಂದು ಬರೆದಿದ್ದ. ನಡುನಡುವೆ ಮೂವರು ಮಕ್ಕಳ ಸುದ್ದಿ, ಹೆಂಡತಿಯ ಹೊಲಿಗೆ ಯಂತ್ರದ ಸುದ್ದಿ. ಕೊನೆಯಲ್ಲಿ ಯಾವಾಗಲೂ ಒಂದು ಸಾಲು: ಟೈಪ್ ಮಾಡುವ ಮಹಿಳೆಗೆ ನನ್ನ ನಮಸ್ಕಾರ ತಿಳಿಸಿ. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ನೆನೆದು ನಮಸ್ಕಾರ ಹೇಳುವವರು ಮತ್ತಾರೂ ಇರಲಿಲ್ಲ. ನೋಡದ ಆ ಮನುಷ್ಯನ ಮೇಲೆ ನನಗೆ ಅಕ್ಕರೆ ಬೆಳೆದದ್ದು ಹಾಗೆ.

ಇನ್ನು ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಕಿತ್ತಳೆ, ಕಾಫಿ ಎಂದು ಸುತ್ತಿದ್ದು ಇದನ್ನು ಮುಂದೂಡಲಿಕ್ಕೇ.

ಪುಸ್ತಕವೆಲ್ಲ ಟೈಪಾಗಿ ಕೊನೆಗೆ ವಂದನೆಗಳ ಪುಟ ಉಳಿಯಿತು. ಪೊಮೊನಾದ ಸಹೋದ್ಯೋಗಿಗಳು, ಲೈಬ್ರರಿಯವರು, ಮನೆಯವರು, ನಾನು, ಎಲ್ಲರ ಹೆಸರೂ ಇತ್ತು. ಆಮೇಲೆ ಒಂದು ಸಾಲು: 'ಕೇಂದ್ರ ಬ್ಯಾಂಕಿನ ಒಬ್ಬ ಅಧಿಕಾರಿಗೆ.' ನಾನು ಕೈ ನಿಲ್ಲಿಸಿದೆ.

"ಅಲ್ರೀ ಸರ, ಇದೇನಿದು ಒಬ್ಬ ಅಧಿಕಾರಿ ಅಂತ? ನಮ್ಮ ಕಡೆ ಗಣಪತಿ ಕೂಡಿಸಿದ್ರ ಮೈಕ್ ಹಾಕಿದಾಂವನ ಹೆಸರೂ ಬಿಡೂದಿಲ್ಲ. ನಿಮ್ಮ ಜೀವಾ ಉಳಿಸಿದಾಂವ, ಅರ್ಧಾ ಪುಸ್ತಕ ಅವಂದs ಐತಿ. ಅವಂಗ ಹೆಸರಿಲ್ಲೇನ್ರೀ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅವನು ಅಲ್ಲೇ ಕೆಲಸದಲ್ಲಿದಾನಲ್ಲಮ್ಮ."

"ಈಗ ಹೊಸಾ ಗವರ್ನರ್ ಬಂದಾರ, ಭಾಳ ಛಲೋ ಮನಷ್ಯಾ ಅಂತ ಅಂವನs ಬರದಾನಲ್ರೀ. ಪ್ರಮೋಷನ್ ಬ್ಯಾರೆ ಆಗೇತಿ."

"ಅದು ನಿಜ. ಬೇಕಾದ್ರೆ ಒಂದು ಕಾಗದ ಹಾಕಿ ಕೇಳೋಣ."

"ಉತ್ತರಾ ಬರೂದ್ರಾಗ ಎರಡು ತಿಂಗಳಾಗ್ತದ. ಮತ್ತ ಕೇಳಿ ಮಾಡಿದ್ರ ಏನ್ ಚಂದರೀ? ಪುಸ್ತಕ ಬಿಚ್ಚಿದ ಕೂಡ್ಲೆ ತನ್ನ ಹೆಸರು ನೋಡ್ಲಿ, ಖುಷಿ ಪಡ್ಲಿ."

ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಹಾಳೆ ಎಳೆದುಕೊಂಡು, ಆ ಸಾಲು ಹೊಡೆದು, ಆತನ ಪೂರ್ತಿ ಹೆಸರು, ಹುದ್ದೆ ಬರೆದರು. ನಾನು ಹಳೆಯ ಕಾಗದ ತೆಗೆದು ಸರಿಯಾಗಿದೆಯೇ ಎಂದು ನೋಡಿ ಟೈಪ್ ಮಾಡಿದೆ. ಬಲು ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಶಿರಾ ಮಾಡಿ ಹಾಕಿದೆ.

ಪುಸ್ತಕ ಹೊರಬಂದು ಅಲ್ಲಿಗೆ ತಲುಪಿದ ಹೊತ್ತಿಗೆ ಆ ದೇಶದಲ್ಲಿ ಸೈನ್ಯದವರು ಅಧಿಕಾರ ಹಿಡಿದರು. ಒಳ್ಳೆಯ ಗವರ್ನರು ಮನೆಗೆ ಹೋದರು. ಇನ್ಸ್‌ಪೆಕ್ಟರನ ಕಾಗದ ಒಂದು ತಿಂಗಳು ಬರಲಿಲ್ಲ, ಅಂಚೆ ತಡವಾಗಿರಬೇಕು ಅಂದುಕೊಂಡೆವು. ಐದು ತಿಂಗಳು ಹಾಗೆಯೇ ಅಂದುಕೊಂಡೆವು.

ಒಂದು ಶನಿವಾರ ಮೇಷ್ಟ್ರು ಕಿತ್ತಳೆ ತರಲಿಲ್ಲ. ಕೂಡ್ರಿ ಎನ್ನುವ ಮೊದಲೇ ಕೂತರು. ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಇನ್ಸ್‌ಪೆಕ್ಟರನ ಹೆಂಡತಿ ಯಾರ ಕೈಯಲ್ಲೋ ಬರೆಸಿ, ಪಕ್ಕದ ದೇಶಕ್ಕೆ ಹೋಗುವವರ ಹತ್ತಿರ ಕೊಟ್ಟು ಅಂಚೆಗೆ ಹಾಕಿಸಿದ್ದಳು. ಆಕೆ ಬರೆಸಿದ್ದು ಇಷ್ಟು: ಸೈನ್ಯದವರು ಕಚೇರಿಗೇ ಬಂದರು. ನಿಮ್ಮ ಪುಸ್ತಕವನ್ನು ತಂದಿದ್ದರು. ವಂದನೆಗಳ ಪುಟವನ್ನು ತೆರೆದು ಹಿಡಿದು, ಎಲ್ಲರ ಎದುರು ನಿನ್ನ ಹೆಸರನ್ನು ಗಟ್ಟಿಯಾಗಿ ಓದು ಎಂದು ನನ್ನ ಗಂಡನಿಗೆ ಹೇಳಿದರು. ಓದಿದ. ಬ್ಯಾಂಕಿನ ಗುಟ್ಟನ್ನು ಪರದೇಶಕ್ಕೆ ಕೊಟ್ಟ ಅಪರಾಧ ಎಂದರು. ಎಲ್ಲಿಟ್ಟಿದ್ದಾರೆ ಎಂದು ನನಗೆ ಹೇಳುವುದಿಲ್ಲ.

ಎರಡು ಸಲ ಓದಿದೆ. "ಸರ, ನಾನs ಹೇಳಿದ್ದು. ನೀವು ಬ್ಯಾಡ ಅಂದಿದ್ರಿ, ನಾನs..."

"ಆ ಮಾತು ಇಲ್ಲಿಗೆ ಬಿಡಿ. ಇನ್ಯಾವತ್ತೂ ಆಡಬೇಡಿ. ಪುಸ್ತಕದ ಮೇಲಿರೋದು ನನ್ನ ಹೆಸರು."

ಅಂದಿನಿಂದ ಅವರು ಪುಸ್ತಕ ಬರೆಯಲಿಲ್ಲ, ಕಾಗದ ಬರೆದರು. ವಕೀಲರಿಗೆ, ಪಾದ್ರಿಗಳಿಗೆ, ಸೆನೆಟರುಗಳಿಗೆ, ಆ ದೇಶಕ್ಕೆ ಸಾಲ ಕೊಡುವ ದೊಡ್ಡ ದೊಡ್ಡ ಸಂಸ್ಥೆಗಳಿಗೆ. ಅವರು ಹೇಳುವರು, ನಾನು ಟೈಪ್ ಮಾಡುವೆ. ಬಂದ ಉತ್ತರಗಳೆಲ್ಲ ಒಳ್ಳೆಯ ಕಾಗದದ ಮೇಲೆ, ಬಲು ಮರ್ಯಾದೆಯ ಮಾತಿನಲ್ಲಿ, ಇದು ಆ ದೇಶದ ಆಂತರಿಕ ವಿಷಯ ಎನ್ನುತ್ತಿದ್ದವು. ಅಂಗಡಿಗಳಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಮೇಷ್ಟ್ರು ಕೊಂಡುಕೊಂಡು ಗ್ಯಾರೇಜಿನಲ್ಲಿ ಪೇರಿಸಿದರು. ಒಂದು ದಿನ ಪೊಮೊನಾದ ಲೈಬ್ರರಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಈ ಪುಸ್ತಕವನ್ನು ತೆಗೆದುಬಿಡಿ, ಆಗದಿದ್ದರೆ ಈ ಒಂದು ಹಾಳೆಯನ್ನಾದರೂ ತೆಗೆಯಲು ಬಿಡಿ ಎಂದು ಕೇಳಿದರು. ಅಲ್ಲಿನ ಹೆಂಗಸು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು. ಆಕೆಯ ಕಣ್ಣೂ ತುಂಬಿತ್ತು. ಆದರೆ ಪುಸ್ತಕ ಬರೆದವರೇ ಬಂದು ಕೇಳಿದರೂ ಲೈಬ್ರರಿಯ ಪುಸ್ತಕ ಕೆಡಿಸಲು ಬಿಡುವಂತಿಲ್ಲ, ಕ್ಷಮಿಸಿ ಎಂದಳು.

ಕಾರಿನಲ್ಲಿ ಕೂತ ಮೇಲೆ ಮೇಷ್ಟ್ರು, "ಸರಿಯಾಗೇ ಹೇಳಿದಳು" ಎಂದರು. ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿವೃತ್ತರಾದ ಮೇಲೆ ಮಗಳಿದ್ದ ಸ್ಯಾನ್ ಡಿಯಾಗೊಗೆ ಹೋದರು. ಅಲ್ಲಿನ ಕರ್ನಿ ಮೆಸಾ ಬಡಾವಣೆಯ ಒಂದು ಸಣ್ಣ ಸಂಶೋಧನಾ ಕಚೇರಿಯವರು ಅವರಿಗೊಂದು ಮೇಜು ಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ನಾನು ಡ್ರೈವ್ ಮಾಡಿಕೊಂಡು ಹೋಗಿ ಕಾಗದಗಳನ್ನು ಮುಗಿಸಿ ಬರುತ್ತಿದ್ದೆ. ಅಲ್ಲಿಯೇ ಒಂದು ಹೋಟೆಲಿನಲ್ಲಿ ಹಿಂದುಳಿದ ದೇಶಗಳ ಬ್ಯಾಂಕುಗಳ ಕುರಿತು ಸಮ್ಮೇಳನವಾಯಿತು. ಹೊಸ ಹುಡುಗರು ಒಂದೊಂದು ದೇಶದ ಸಂಸ್ಥೆಗಳ ಗುಣಮಟ್ಟಕ್ಕೂ ಅಂಕ ಕೊಟ್ಟು ಪಟ್ಟಿ ತೋರಿಸಿದರು. ಮೇಷ್ಟ್ರು ಆರು ವರ್ಷ ಕೆಲಸ ಮಾಡಿದ್ದ ದೇಶಕ್ಕೆ ಹಿಂದಿಗಿಂತ ಹೆಚ್ಚು ಅಂಕ ಬಂದಿತ್ತು. ಊಟದ ಹೊತ್ತಿಗೆ ಒಳ್ಳೆಯ ಸೂಟು ಹಾಕಿದ ಒಬ್ಬರು ತಾವಾಗಿ ಬಂದು ಪರಿಚಯ ಹೇಳಿಕೊಂಡರು. ಆ ಕೇಂದ್ರ ಬ್ಯಾಂಕಿನ ತಪಾಸಣೆ ವಿಭಾಗಕ್ಕೆ ಈಗ ಅವರೇ ಮುಖ್ಯಸ್ಥರು. ನಿಮ್ಮ ಪುಸ್ತಕವನ್ನು ನಮ್ಮಲ್ಲಿ ಎಲ್ಲರೂ ಓದಿದ್ದೇವೆ ಎಂದರು.

ಮೇಷ್ಟ್ರು ಅವರ ಕೈ ಬಿಡದೆ ಇನ್ಸ್‌ಪೆಕ್ಟರನ ಹೆಸರು ಹೇಳಿ, ಅವನು ಎಲ್ಲಿದ್ದಾನೆ ಎಂದು ಕೇಳಿದರು.

ಸೂಟಿನವರು ಸುತ್ತ ಒಮ್ಮೆ ನೋಡಿ, "ಅವರಿಗೆ ವರ್ಗವಾಗಿದೆ" ಎಂದು ಹೇಳಿ ಕೈ ಬಿಡಿಸಿಕೊಂಡರು.

ವರ್ಗವಾಗಿದ್ದರೆ ಬದುಕಿರಬೇಕು. ನಾವು ಹಾಗೆ ನಂಬಿ ಇನ್ನೊಂದು ವರ್ಷ ಕಾಗದ ಬರೆದೆವು. ನಂಬುವ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ. ಕೊನೆಗೆ ಆತನ ಹೆಂಡತಿಯ ಎರಡನೆಯ ಕಾಗದ ಬಂತು. ಜೈಲಿಗೆ ಹೋದ ಎರಡನೆಯ ಮಳೆಗಾಲದಲ್ಲಿಯೇ ವಾಂತಿಭೇದಿಯಾಗಿ ಆತ ಸತ್ತಿದ್ದ. ಆಕೆಗೆ ತಿಳಿಸಿದ್ದೇ ಈಗ. ದಯವಿಟ್ಟು ಇನ್ನು ಯಾರಿಗೂ ಕಾಗದ ಬರೆಯಬೇಡಿ, ನೀವು ಬರೆದಾಗಲೆಲ್ಲ ಅವರು ಮನೆಗೆ ಬರುತ್ತಾರೆ ಎಂದಿದ್ದಳು. ಅಷ್ಟು ವರ್ಷ ನಾವು ಸತ್ತವನನ್ನು ಬಿಡಿಸಲು, ಬದುಕಿದ್ದವರ ಮನೆಗೆ ಪೊಲೀಸರನ್ನು ಕಳಿಸುತ್ತಿದ್ದೆವು.

ಮೇಷ್ಟ್ರು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. "ಇವತ್ತಿಗೆ ಸಾಕಮ್ಮ" ಎಂದರು. ಟೈಪ್‌ರೈಟರಿಗೆ ಮುಸುಕು ಹಾಕಿ ಹೊರಟೆ.

ಎಂಬತ್ತರ ದಶಕದ ಆರಂಭದಲ್ಲಿ ಪ್ರಕಾಶಕರು ಆ ಪುಸ್ತಕದ ಹೊಸ ಮುದ್ರಣ ಕೇಳಿದರು. ಮೇಷ್ಟ್ರು ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ, ಒಪ್ಪಿದರು. ವಂದನೆಗಳ ಪುಟವನ್ನು ಮಾತ್ರ ಹೊಸದಾಗಿ ಬರೆಯುತ್ತೇನೆ ಎಂದರು. ಕಣ್ಣು ಪೂರಾ ಮಂಜಾಗಿತ್ತು, ಬಾಯಲ್ಲಿ ಹೇಳಿದರು. 'ಮೊದಲ ಮುದ್ರಣದಲ್ಲಿ ಒಬ್ಬರ ಹೆಸರನ್ನು ಅವರ ಒಪ್ಪಿಗೆ ಕೇಳದೆ ಅಚ್ಚು ಹಾಕಿಸಿದೆ. ಅದರಿಂದ ಅವರು ಇಂದು ಇಲ್ಲ. ಆ ನಿರ್ಧಾರ ನನ್ನೊಬ್ಬನದು.'

'ನನ್ನೊಬ್ಬನದು' ಎನ್ನುವಲ್ಲಿ ನಾನು ನಿಂತೆ.

"ಇದು ಖರೇ ಅಲ್ರೀ ಸರ."

"ಖರೇನೇ." ನನ್ನ ಮಾತನ್ನು ನನ್ನ ಹಾಗೆಯೇ ಆಡಿದರು. "ನೀವು ನಿಮಗೆ ತೋಚಿದ್ದು ಹೇಳಿದ್ರಿ. ಅದು ತಪ್ಪಲ್ಲ. ಆಗಲ್ಲ ಅನ್ನೋ ಕೆಲಸ ನನ್ನದಾಗಿತ್ತು. ಆರು ವರ್ಷ ಬೇರೆಯವರಿಗೆ ಅದನ್ನೇ ತಾನೇ ಕಲಿಸಿದ್ದು? ನನ್ನ ಸರದಿ ಬಂದಾಗ ಒಂದು ಶಿರಾ ತಿಂದು ಎದ್ದುಬಂದೆ. ಟೈಪ್ ಮಾಡಿ."

ನಾನು ಆಗುವುದಿಲ್ಲ ಎನ್ನಬಹುದಿತ್ತು. ಟೈಪ್ ಮಾಡಿದೆ. ಮಾಡುವಾಗ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಆ ನಿರಾಳಕ್ಕೆ ನಾನು ಪಟ್ಟಷ್ಟು ನಾಚಿಕೆಯನ್ನು ಜೀವನದಲ್ಲಿ ಮತ್ತಾವುದಕ್ಕೂ ಪಟ್ಟಿಲ್ಲ.

ಎರಡು ವರ್ಷದ ಮೇಲೆ, ಮಧ್ಯಾಹ್ನ ಊಟ ಮಾಡಿ ಆರಾಮ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಸ್ಯಾನ್ ಡಿಯಾಗೊದಲ್ಲಿ ಅವರ ಮಗಳ ಮನೆಯಲ್ಲಿ ಎಲ್ಲರೂ ಸೇರಿದೆವು. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವಳು, ನೀನೂ ನಾಲ್ಕು ಮಾತಾಡು ಎಂದರು. ಬಲಗಡೆಯ ಲೇನಿನ ಕತೆ ಹೇಳಿದೆ, ಹೋಳಿಗೆ ಕೈಯಲ್ಲಿ ಹಿಡಿದು ಎದ್ದುಬಂದದ್ದನ್ನು ಹೇಳಿದೆ. ಅಳುತ್ತಿದ್ದವರೂ ನಕ್ಕರು. ಇದನ್ನು ಹೇಳಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು, "ಆ ಹೆಸರಿನ ಕೊರಗು ಅವರನ್ನ ತಿಂದುಬಿಡ್ತು ಕಣೇ, ಯಾಕಾದ್ರೂ ಹಾಕಿದ್ರೋ" ಎಂದಾಗಲೂ ಹೇಳಲಿಲ್ಲ. ಮೇಷ್ಟ್ರು ಆಕೆಗೂ ಹೇಳಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಕಟ್ಟಿಕೊಂಡ ಹೆಂಡತಿಯಿಂದಲೂ ನನ್ನನ್ನು ಮುಚ್ಚಿಟ್ಟು ಕಾಪಾಡಿದ್ದರು.

ಈಗ ಆಕೆಯೂ ಇಲ್ಲ, ನಾನು ಹೇಳುತ್ತಿದ್ದೇನೆ. ಮೇಷ್ಟ್ರ ಹೆಸರನ್ನು ಬರೆಯಬೇಕೆಂದು ಎಷ್ಟು ಆಸೆಯಿದೆ! ನಾಲ್ಕು ಜನಕ್ಕೆ ತಿಳಿಯಬೇಕಾದ ಹೆಸರದು. ಆದರೆ ಅವರ ಹೆಸರು ಸಿಕ್ಕರೆ ಪುಸ್ತಕ ಸಿಗುತ್ತದೆ, ಪುಸ್ತಕ ಸಿಕ್ಕರೆ ಆ ಪುಟ ಸಿಗುತ್ತದೆ, ಅಲ್ಲಿ ಇನ್ಸ್‌ಪೆಕ್ಟರನ ಹೆಸರಿದೆ. ಮೇಷ್ಟ್ರು ಹೋದ ಸುದ್ದಿ ತಿಳಿದು ಇನ್ಸ್‌ಪೆಕ್ಟರನ ಹೆಂಡತಿ ಇನ್ನೊಂದೇ ಒಂದು ಕಾಗದ ಬರೆದಿದ್ದಳು. ಮಕ್ಕಳು ಮೂವರೂ ಇನ್ನೂ ಅದೇ ದೇಶದಲ್ಲಿ, ಅದೇ ಊರಿನಲ್ಲಿದ್ದಾರೆ. ದೊಡ್ಡ ಮಗಳು ಬೇಡವೆಂದರೂ ಕೇಳದೆ ಪರೀಕ್ಷೆ ಕಟ್ಟಿ ಪಾಸು ಮಾಡಿ, ಅಪ್ಪನ ಬ್ಯಾಂಕಿನಲ್ಲಿ, ಅಪ್ಪನ ವಿಭಾಗದಲ್ಲಿಯೇ ಕೆಲಸಕ್ಕೆ ಸೇರಿದ್ದಾಳೆ.